ಗೆದ್ದಲು ತಿಂದ ತೊಲೆ, ಮಾರುವವನ ಮೌನ

ಚೆನ್ನೈನ ಮೈಲಾಪುರ, ಜಾರ್ಜ್ ಟೌನ್‌ಗಳಲ್ಲಿ ಉಳಿದಿರುವ ಹಳೆಯ ಮನೆಗಳಲ್ಲಿ ಹಲವು ‘ಮದರಾಸು ತಾರಸಿ’ ಪದ್ಧತಿಯವು. ಮರದ ತೊಲೆಗಳ ಮೇಲೆ ಕಿರು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಬೆಸೆದ ಛಾವಣಿ ಅದು; ಭಾರವೆಲ್ಲ ಮರದ ಮೇಲೆಯೇ. ಹಿಂಗಾರಿನಲ್ಲಿ ನೆನೆದ ಗೋಡೆಯೊಳಗೆ ಹುದುಗಿದ ತೊಲೆಯ ತುದಿಗೆ ಗೆದ್ದಲು ಹತ್ತಿದರೆ ಹೊರಮೈ ನಯವಾಗಿಯೇ ಇದ್ದು ಒಳಗೆ ಟೊಳ್ಳಾಗುತ್ತದೆ. ಅದರ ಕೆಳಗೆ ಫಾಲ್ಸ್ ಸೀಲಿಂಗ್ ಹೊದಿಸಿ, ಬಣ್ಣ ಬಳಿದು, ‘ನವೀಕೃತ ಗೃಹ’ವೆಂದು ಮಾರುವುದು ಸುಲಭ. ಋಣಭಾರ ಪ್ರಮಾಣಪತ್ರ ಮನೆಯ ಮೇಲಿನ ಅಡಮಾನವನ್ನು ತೋರಿಸೀತು. ತೊಲೆಯ ಟೊಳ್ಳನ್ನು ತೋರಿಸದು.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಾರುವವನಿಗೆ ತಿಳಿದಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ತಿಳಿಸಲೇಬೇಕು, ತಿಳಿಸದಿರುವುದು ವಂಚನೆ. 2016ರ ರೇರಾ ಕಾಯ್ದೆ ರಚನಾದೋಷಕ್ಕೆ ಬಿಲ್ಡರನನ್ನು ಐದು ವರ್ಷ ಹೊಣೆಯಾಗಿಸುತ್ತದೆ. ಹಳೆಯ ಮನೆ ಮಾರುವ ಗೃಹಸ್ಥನಿಗೆ ಅದು ತಗುಲದು.

ಜೈನ ಕುಟುಂಬಗಳಲ್ಲಿ ಇದಕ್ಕೊಂದು ಸಮಜಾಯಿಷಿಯುಂಟು. ಗೆದ್ದಲು ತ್ರೀಂದ್ರಿಯ ಜೀವ. ಔಷಧ ಹೊಡೆಸಿದರೆ ಜೀವಘಾತ. ಆದುದರಿಂದ ಹಾಗೆಯೇ ಬಿಟ್ಟೆವು ಎಂಬುದು. ಆ ಸಂಕೋಚ ಗೌರವಾರ್ಹವೇ. ಆದರೆ ಔಷಧ ಬಿಡಲು ಅದು ಕಾರಣವಾದೀತು, ಬಾಯಿ ಮುಚ್ಚಲು ಆಗದು. ಕೊಂಡವನು ದೋಷ ಕಂಡೊಡನೆ ಔಷಧ ಹೊಡೆಸಿಯೇ ಹೊಡೆಸುವನು. ಆಗ ಉಳಿದದ್ದು ಮಾರಿದವನ ಹಣ ಮಾತ್ರ. ಟೊಳ್ಳು ತೊಲೆಯ ಕೆಳಗೆ ಮಲಗುವವರಾದರೋ ಪಂಚೇಂದ್ರಿಯ ಜೀವಿಗಳು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಪ್ರತಿರೂಪಕ ವ್ಯವಹಾರ’ವನ್ನು, ಅಂದರೆ ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವುದನ್ನು, ಎಣಿಸಿದೆ. ಬಣ್ಣ ಬಳಿದ ಟೊಳ್ಳು ಮರ ಅದಕ್ಕಿಂತ ಬೇರೆಯೇ?

ಲೆಕ್ಕಪತ್ರದಲ್ಲಿಯೂ ಈ ಮೌನ ನಿಲ್ಲದು. ಬಂಡವಾಳ ಲಾಭದ ತೆರಿಗೆ ಇಳಿಸಲು ನವೀಕರಣದ ಬಿಲ್ಲುಗಳನ್ನು ಸುಧಾರಣಾ ವೆಚ್ಚವೆಂದು ತೋರಿಸುವವರು ಗೆದ್ದಲು ತಿಂದ ಮರ ಬದಲಿಸಿದ ಬಡಗಿಯ ಬಿಲ್ಲನ್ನೂ ಅದೇ ಕಡತದಲ್ಲಿ ಇಟ್ಟಿರುತ್ತಾರೆ. ದೋಷ ಗೊತ್ತೇ ಇರಲಿಲ್ಲವೆಂಬ ವಾದ ಆ ಒಂದು ಕಾಗದದಿಂದ ಬಿದ್ದುಹೋಗುತ್ತದೆ. (ಆ ಬಿಲ್ಲು ಬರಿಯ ದುರಸ್ತಿಯೋ ಸುಧಾರಣೆಯೋ ಎಂಬ ತೆರಿಗೆಯ ತಕರಾರು ಬೇರೆ.)

ಕ್ರಯಪತ್ರದಲ್ಲಿ ನಾಲ್ಕು ಎಲ್ಲೆಗಳನ್ನು ಅಡಿ-ಅಂಗುಲ ಸಹಿತ ಬರೆಸುವ ಸರ್ಕಾರ, ಮನೆಯ ತಿಳಿದ ದೋಷಗಳ ಕುರಿತು ಮಾರುವವನ ಸಹಿಯಿರುವ ಒಂದು ಪುಟವನ್ನೂ ಕಡ್ಡಾಯಗೊಳಿಸಬೇಕು. ಅಲ್ಲಿಯವರೆಗೆ, ಊರಿನಾಚೆ ನೆಲೆಸಿ ಚೆನ್ನೈನ ಪಿತ್ರಾರ್ಜಿತ ಮನೆ ಮಾರುವ ಕುಟುಂಬಗಳು ಮುಂಗಡ ಪಡೆಯುವ ಮುನ್ನವೇ ಫಾಲ್ಸ್ ಸೀಲಿಂಗಿನ ಒಂದು ಭಾಗ ತೆರೆಸಿ, ಕಂಡದ್ದನ್ನು ಕರಾರಿನಲ್ಲಿ ಬರೆದು, ತೊಲೆ ಬದಲಿಸುವ ವೆಚ್ಚವನ್ನು ಬೆಲೆಯಲ್ಲಿ ಕಳೆಯಲಿ.