ಮನೆಯಲ್ಲೇ ಬಿಟ್ಟು ಬರಬಾರದಿತ್ತೇ?

“ಇಂಥವರನ್ನು ಯಾಕ್ರೀ ಹೊರಗೆ ಕರಕೊಂಡು ಬರ್ತೀರಾ? ಮನೇಲೇ ಬಿಟ್ಟು ಬರಬಾರದಿತ್ತೇ?”

ಮೈಸೂರಿನ ಬಸ್ ನಿಲ್ದಾಣದಲ್ಲಿ ಹೀಗೆ ಕೇಳಿದವರು ನನ್ನದೇ ವಯಸ್ಸಿನ ಹೆಂಗಸು. ಕೈಯಲ್ಲಿ ಮದುವೆಮನೆಯ ತಾಂಬೂಲದ ಚೀಲ. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ನನ್ನ ಮಗನಿಗೆ 22 ವರ್ಷ. ಆಟಿಸಂ ಇದೆ. ಬೇಡದ ಸದ್ದನ್ನು ನಮ್ಮ ಮನಸ್ಸು ತಾನಾಗಿ ಹಿಂದಕ್ಕೆ ತಳ್ಳುತ್ತದೆ. ಅವನಿಗೆ ಅದು ಸಾಧ್ಯವಿಲ್ಲ. ಧ್ವನಿವರ್ಧಕ, ಹಾರ್ನು, ಕಡಲೆಕಾಯಿ ಮಾರುವವನ ಕೂಗು ಎಲ್ಲವೂ ಒಂದೇ ಸಲ ಅವನ ಮೇಲೆ ಬೀಳುತ್ತವೆ. ಅಂದೂ ಹಾಗೇ ಆಯಿತು. ಕಿವಿ ಮುಚ್ಚಿಕೊಂಡು, ಹಿಂದೆ ಮುಂದೆ ತೂಗುತ್ತಾ ಗುನುಗತೊಡಗಿದ. ನೋಡುವವರಿಗೆ ಅದು ಹುಚ್ಚು. ಅವನಿಗೆ ಅದು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ದಾರಿ.

ಆಕೆಯನ್ನು ದೂರುವ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಎರಡು ವರ್ಷ ನಾನೂ ಅವನನ್ನು ಮನೆಯಲ್ಲೇ ಇಟ್ಟಿದ್ದೆ. ನೆಂಟರ ಮದುವೆಯಲ್ಲಿ ಗಟ್ಟಿಮೇಳ ಮೊಳಗಿದಾಗ ಅವನು ಕಿರುಚಿಕೊಂಡು ಓಡಿದ್ದ. “ಹೆತ್ತವರಿಗೆ ಹೆಗ್ಗಣ ಮುದ್ದು” ಎಂದು ಯಾರೋ ಪಿಸುಗುಟ್ಟಿದ್ದರು. ಆ ಮಾತಿಗೆ ಹೆದರಿ ಬಾಗಿಲು ಹಾಕಿಕೊಂಡೆ. ಫಲವೇನಾಯಿತು? ಜನಜಂಗುಳಿಗೆ ಮಾತ್ರ ಹೆದರುತ್ತಿದ್ದ ಹುಡುಗ ಕೊನೆಗೆ ಗೇಟು ದಾಟಿ ಹಾಲಿನ ಬೂತಿಗೆ ಹೋಗಲೂ ಬೆವರತೊಡಗಿದ. ಭಯದಿಂದ ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ.

ಮತ್ತೆ ಮೊದಲಿನಿಂದ ಶುರುಮಾಡಿದೆವು. ಮೊದಲು ಹಾಲಿನ ಬೂತು. ಆಮೇಲೆ ಭಾನುವಾರ ಬೆಳಗಿನ ಖಾಲಿ ಬಸ್ಸಿನಲ್ಲಿ ಒಂದೇ ಸ್ಟಾಪು. ಎಲ್ಲಿಗೆ, ಎಷ್ಟು ಹೊತ್ತು, ಆಮೇಲೇನು ಎಂಬುದನ್ನು ಹೊರಡುವ ಮೊದಲೇ ಚೀಟಿಯಲ್ಲಿ ಬರೆದುಕೊಡುತ್ತೇನೆ. ಕಿವಿಗೆ ಹೆಡ್‌ಫೋನು. ಜೇಬಿನಲ್ಲಿ ಒಂದು ಕೆಂಪು ಕಾರ್ಡು. ಅದನ್ನು ತೋರಿಸಿದನೆಂದರೆ ಎಂಥ ಕೆಲಸವಿದ್ದರೂ ಬಿಟ್ಟು ಹೊರಬರಬೇಕು. ಒಮ್ಮೆ ನಾನು ಮಾತು ತಪ್ಪಿದರೆ ಅವನು ಮತ್ತೆ ನನ್ನನ್ನು ನಂಬಿ ಹೊರಡಲಾರ. ಗಾಬರಿ ಏರಿದಾಗ ಉಪದೇಶವಿಲ್ಲ, ಮೈ ಮುಟ್ಟುವುದಿಲ್ಲ. ಪಕ್ಕದಲ್ಲಿ ಸುಮ್ಮನೆ ನಿಲ್ಲುತ್ತೇನೆ.

ಅವನು ಇಷ್ಟು ಕಲಿತಿದ್ದಾನೆ. ನಾವೇನು ಕಲಿತೆವು? ಬೀದಿಬೀದಿಯಲ್ಲಿ ಮೈಕು ಕಿರುಚಿದರೆ ಸಹಿಸುತ್ತೇವೆ. ಬಸ್ಸಿನಲ್ಲಿ ಗಂಡಸರು ಮೊಬೈಲಿನಲ್ಲಿ ಅರಚಿದರೆ ಸಹಿಸುತ್ತೇವೆ. ಈ ಹುಡುಗನ ಗುನುಗು ಮಾತ್ರ ನಮಗೆ ಉಪದ್ರವ!

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 2016ರ ಕಾಯ್ದೆಯ 21 ಬಗೆಗಳಲ್ಲಿ ಅದೂ ಸೇರಿತು. ಇಂಥವರನ್ನು ಹತ್ತು ಜನರೆದುರು ಬೇಕೆಂದೇ ಅವಮಾನಿಸಿದರೆ ಕನಿಷ್ಠ ಆರು ತಿಂಗಳ ಸೆರೆವಾಸವೆಂದು ಅದರ 92ನೇ ಕಲಮು ಹೇಳುತ್ತದೆ. ನಾನು ಯಾರನ್ನೂ ಜೈಲಿಗೆ ಕಳಿಸಲು ಹೊರಟವಳಲ್ಲ. ಕನಿಕರದ ಮಾತಿಗೆ ಕಲಮು ಹಾಕಲೂ ಬರುವುದಿಲ್ಲ. ಅದನ್ನು ನಾವೇ ತಿದ್ದಿಕೊಳ್ಳಬೇಕು.

“ಮನೇಲೇ ಇರಬಾರದಿತ್ತೇ?” ಅಕ್ಕತಂಗಿಯರೇ, ಈ ಮಾತು ನಮಗೆ ಹೊಸದೇ? ಬಸ್ಸಿನಲ್ಲಿ ಯಾವನೋ ಮೈಮೇಲೆ ಬಿದ್ದಾಗ ನಮಗೆ ಹೇಳಿದ್ದೂ ಇದನ್ನೇ. ತೊಂದರೆ ಕೊಟ್ಟವನು ಹೊರಗೇ ಉಳಿದ, ತೊಂದರೆಪಟ್ಟವಳು ಒಳಗೆ ಹೋದಳು. ಅದು ಅನ್ಯಾಯವೆಂದು ತಿಳಿದ ನಾವೇ ಇನ್ನೊಬ್ಬಳ ಮಗನಿಗೆ ಅದನ್ನು ಹೇಳಬಹುದೇ?

ನಿಮ್ಮ ಕಣ್ಣೀರು ನನಗೆ ಬೇಡ. ದಿಟ್ಟಿಸಬೇಡಿ. ಸುತ್ತುಗಟ್ಟಬೇಡಿ. “ಏನಾಯ್ತು, ಏನಾಯ್ತು” ಎಂದು ಹತ್ತು ಜನ ಒಟ್ಟಿಗೆ ಕೇಳಬೇಡಿ. ಸ್ವಲ್ಪ ಸರಿದು ಜಾಗ ಬಿಡಿ, ಐದು ನಿಮಿಷ ಕೊಡಿ. ಸಾಧ್ಯವಾದರೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಡಿ. ಇಷ್ಟೇ.

ಅಂದು ನಾವು ಮನೆಗೆ ವಾಪಸಾಗಲಿಲ್ಲ. ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದೆವು. ನಾನು ಎಂದೆಂದಿಗೂ ಇರುವವಳಲ್ಲ. ನಾನಿಲ್ಲದ ದಿನ ಅವನು ಬದುಕಬೇಕಾದದ್ದು ಮುಚ್ಚಿದ ಕೋಣೆಯಲ್ಲಲ್ಲ, ನಿಮ್ಮ ನಡುವೆ. ಅದಕ್ಕೇ ಅವನನ್ನು ಕರಕೊಂಡು ಬರುತ್ತೇನೆ. ನಾಳೆಯೂ ಬರುತ್ತೇನೆ.