25 ವರ್ಷದ ರಜೆಗೆ ಇವತ್ತೇ ಸಹಿ ಯಾಕೆ?

ಮಾಲ್‌ನಲ್ಲಿ ಲಕ್ಕಿ ಡ್ರಾ ಚೀಟಿ ತುಂಬಿ ಡಬ್ಬಕ್ಕೆ ಹಾಕಿದ್ರೆ ಕೆಲವೇ ದಿನದಲ್ಲಿ ಫೋನ್ ಬರುತ್ತೆ. "ಸರ್, ನಿಮಗೆ ಗಿಫ್ಟ್ ಬಂದಿದೆ, ಮೇಡಂ ಜೊತೆ ಬನ್ನಿ." ಇಬ್ಬರೂ ಬರಲೇಬೇಕು. ಒಬ್ಬರೇ ಹೋದ್ರೆ "ಮನೇಲಿ ಕೇಳಿ ಹೇಳ್ತೀನಿ" ಅಂತ ಎದ್ದುಬಿಡಬಹುದಲ್ಲ!

ಅಲ್ಲಿ ಮಾರೋದು ಟೈಮ್‌ಶೇರ್ ಸದಸ್ಯತ್ವ. ಈಗ ಕೆಲವು ಲಕ್ಷ ಕಟ್ಟಿದ್ರೆ ಸಾಮಾನ್ಯವಾಗಿ 25 ವರ್ಷ, ವರ್ಷಕ್ಕೊಂದು ವಾರ ಅವರ ರೆಸಾರ್ಟ್‌ಗಳಲ್ಲಿ ರೂಮು. 1960ರ ದಶಕದಲ್ಲಿ ಯುರೋಪಿನಲ್ಲಿ ಶುರುವಾದ ವ್ಯಾಪಾರ ಇದು. ನಮ್ಮಲ್ಲಿ ಸ್ಟರ್ಲಿಂಗ್ 1986ರಲ್ಲಿ, ಕ್ಲಬ್ ಮಹೀಂದ್ರ 1996ರಲ್ಲಿ ಆರಂಭವಾದವು. ಇದೆಲ್ಲ ಮೋಸ ಅಂತ ನಾನು ಹೇಳ್ತಿಲ್ಲ. ಪ್ರತಿ ವರ್ಷ ಕೊಡಗು, ಊಟಿ ಸುತ್ತಿ ಖುಷಿಯಾಗಿ ಬರೋ ಸದಸ್ಯರೂ ಇದ್ದಾರೆ. ನನ್ನ ತಕರಾರು ಆ ಎಸಿ ಹಾಲ್‌ನಲ್ಲಿ ಹಾಕಿ ತೋರಿಸೋ ಲೆಕ್ಕದ ಬಗ್ಗೆ.

ಉದಾಹರಣೆಗೆ 4 ಲಕ್ಷ ರೂಪಾಯಿ ಸದಸ್ಯತ್ವ ಅಂತ ಇಟ್ಕೊಳ್ಳಿ. ಅದನ್ನ 25ರಿಂದ ಭಾಗಿಸಿ, ಮತ್ತೆ 7ರಿಂದ ಭಾಗಿಸಿ: ರಾತ್ರಿಗೆ 2,286 ರೂಪಾಯಿ. ಕೇಳೋಕೆ ಚೆನ್ನಾಗಿದೆ. ಆದರೆ ದುಡ್ಡು ಕೊಡೋದು ಇವತ್ತು, ರೂಮು ಸಿಗೋದು 25 ವರ್ಷಕ್ಕೆ ಹರಡಿಕೊಂಡು. ಶೇ 7ರ ಬಡ್ಡಿ ಹಿಡಿದ್ರೆ ಅದೇ 4 ಲಕ್ಷದಿಂದ 25 ವರ್ಷವೂ ವರ್ಷಕ್ಕೆ ಸುಮಾರು 34,300 ರೂಪಾಯಿ ತೆಗೀಬಹುದು. ಅಂದ್ರೆ ರೂಮಿನ ನಿಜವಾದ ವಾರ್ಷಿಕ ಬೆಲೆ ಅಷ್ಟು. ಇದರ ಮೇಲೆ ಹೋದ್ರೂ ಹೋಗದಿದ್ರೂ ಕಟ್ಟಬೇಕಾದ ವಾರ್ಷಿಕ ಶುಲ್ಕ. ಅದು 20,000 ಅಂದ್ಕೊಂಡು ಶೇ 18 ಜಿಎಸ್‌ಟಿ ಸೇರಿಸಿದ್ರೆ 23,600. ಒಟ್ಟು 57,900, ರಾತ್ರಿಗೆ ಹತ್ತಿರಹತ್ತಿರ 8,300! ಊಟ, ಪೆಟ್ರೋಲು ಬೇರೆ. ಇಎಂಐನಲ್ಲಿ ತಗೊಂಡ್ರೆ ಇನ್ನೂ ಮೇಲೆ.

"ಹೋಟೆಲ್ ಬಾಡಿಗೆ ವರ್ಷವರ್ಷ ಏರುತ್ತೆ ಸರ್" ಅಂತಾರೆ. ನಿಜ, ಅದು ಸದಸ್ಯತ್ವದ ಪರವಾದ ಒಳ್ಳೇ ವಾದ. ಆದರೆ ವಾರ್ಷಿಕ ಶುಲ್ಕವೂ ಏರುತ್ತೆ ಅನ್ನೋದನ್ನ ಅದೇ ಉಸಿರಲ್ಲಿ ಯಾರೂ ಹೇಳಲ್ಲ. "ಪ್ರಾಪರ್ಟಿ ಇದ್ದ ಹಾಗೆ" ಅನ್ನೋದಂತೂ ಬರೀ ಮಾತು. ಇಂಥ ಕ್ಲಬ್‌ಗಳಲ್ಲಿ ಸಿಗೋದು ಉಳಿದುಕೊಳ್ಳೋ ಹಕ್ಕು, ಒಂದು ಇಟ್ಟಿಗೆಯೂ ನಿಮ್ಮದಲ್ಲ.

ಹಾಗಾದ್ರೆ ಯಾರಿಗೆ ಸರಿ? ನನ್ನ ಪ್ರಕಾರ, ರಜೆ ಯಾವಾಗ ಅಂತ ಮೊದಲೇ ಗೊತ್ತಿರೋರಿಗೆ, ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡೋರಿಗೆ, ರೆಸಾರ್ಟ್‌ನಲ್ಲೇ ವಾರ ಕಳೆಯೋದು ಇಷ್ಟ ಇರೋರಿಗೆ. ಕಡಿಮೆ ಬೆಲೆಯ ಸೀಸನ್ ತಗೊಂಡು ದಸರಾ ರಜೆಗೆ ರೂಮು ಕೇಳಿದ್ರೆ ಸಿಗೋದು ಕಷ್ಟ. ಮೊದಲ ಕೆಲಸಕ್ಕೆ ಸೇರೋ ನಮ್ಮಂಥವರಿಗಂತೂ ಇದು ಹೊಂದೋದೇ ಇಲ್ಲ. ಮುಂದಿನ ವರ್ಷ ಯಾವ ಊರಲ್ಲಿರ್ತೀವೋ, ಮ್ಯಾನೇಜರ್ ಎಷ್ಟು ದಿನ ರಜೆ ಕೊಡ್ತಾರೋ! ನಾಲ್ಕು ಜನ ಸೇರಿ ಗೋಕರ್ಣದಲ್ಲಿ ಹೋಂಸ್ಟೇ ಹಿಡಿಯೋ ವಯಸ್ಸಲ್ಲಿ 2050ರ ರಜೆಗೆ ಈಗಲೇ ದುಡ್ಡು ಕಟ್ಟೋದ್ಯಾಕೆ?

ಆದರೂ ಇದು ನಮ್ಮ ವಿಷಯವೇ. ಆ ಹಾಲ್‌ನಲ್ಲಿ ಕೂತಿರೋದು ನಮ್ಮ ಅಪ್ಪ ಅಮ್ಮ. "ಈ ರೇಟು ಇವತ್ತು ಮಾತ್ರ" ಅನ್ನೋ ಮಾತಿಗೆ ಅವರು ಗಾಬರಿಯಾಗಬಹುದು. ಯುರೋಪಿಯನ್ ಒಕ್ಕೂಟದ ಕಾನೂನು ಸಹಿ ಹಾಕಿದ ಮೇಲೂ 14 ದಿನ ಹಿಂದೆ ಸರಿಯೋಕೆ ಬಿಡುತ್ತೆ, ಅಷ್ಟರೊಳಗೆ ಮುಂಗಡ ಪಡೆಯೋದನ್ನೂ ನಿಷೇಧಿಸಿದೆ. ನಾವು ಒಪ್ಪಂದದ ಪ್ರತಿಯನ್ನ ಮೊದಲು ಮನೆಗೆ ತರಿಸಿ, ರದ್ದು ಮಾಡೋಕೆ ಎಷ್ಟು ದಿನ, ಎಷ್ಟು ವಾಪಸ್, ಶುಲ್ಕ ಎಷ್ಟು ಏರಬಹುದು ಅನ್ನೋದನ್ನ ಅವರ ಜೊತೆ ಕೂತು ಓದಬೇಕು. ಪ್ರತಿ ಕೊಡಲ್ಲ ಅಂದ್ರೆ ಎದ್ದು ಬರಬೇಕು. ಈಗಾಗಲೇ ಸಹಿ ಹಾಕಿ ಒದ್ದಾಡ್ತಿರೋರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.