ಸರಾಸರಿಯ ಲೆಕ್ಕ, ಜಾತ್ರೆಯ ಸರತಿ
ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೂ ಜಾತ್ರೆ ಮುಗಿಯುವುದಿಲ್ಲ, ನಾಟಕ ಕಂಪನಿಗಳಿಂದಾಗಿ ವಾರಗಟ್ಟಲೆ ನಡೆಯುತ್ತದೆ. ಬಂದವರಲ್ಲಿ ಅನೇಕರು ಮಹಾಕೂಟದ ಹೊಂಡದಲ್ಲಿ ಮಿಂದೇ ಊರಿಗೆ ಮರಳುವವರು. ಇಂಥಲ್ಲಿ ಬಸ್ಸು, ಚಾಲಕ, ಕಂಡಕ್ಟರುಗಳನ್ನು ದಿನದ ಸರಾಸರಿ ಹಿಡಿದು ನಿಗದಿ ಮಾಡಿದರೆ ಎಡವಿದಂತೆಯೇ. ಉದಾಹರಣೆಗೆ, ಒಬ್ಬರಿಗೆ ಸರಾಸರಿ ಒಂದು ನಿಮಿಷ ಹಿಡಿಯುವ ಕೌಂಟರಿಗೆ ಗಂಟೆಗೆ 48 ಜನ ಹಿಂದುಮುಂದಾಗಿ ಬಂದರೆ, ಸರತಿಯ ಸರಳ ಗಣಿತದ ಪ್ರಕಾರ ಕಾಯುವ ಹೊತ್ತು ಸುಮಾರು 4 ನಿಮಿಷ. 57 ಜನ ಬಂದರೆ 19 ನಿಮಿಷ. ಹೆಚ್ಚಾದವರು ಒಂಬತ್ತೇ ಮಂದಿ, ಕಾಯುವಿಕೆ ಮಾತ್ರ ಐದು ಪಟ್ಟಿನ ಹತ್ತಿರ! ಸಿಮ್ಯುಲೇಷನ್ ಬೇಕಾಗುವುದು ಇಲ್ಲಿಯೇ. ನಾಟಕ ಬಿಟ್ಟ ಹೊತ್ತಿಗೆ ಬಸ್ಸೊಂದು ಕೆಟ್ಟರೆ, ಇಬ್ಬರು ಕಂಡಕ್ಟರುಗಳು ರಜೆ ಹಾಕಿದರೆ ಏನಾದೀತೆಂದು ಕಂಪ್ಯೂಟರಿನಲ್ಲಿ ಸಾವಿರ ಸಲ ಜಾತ್ರೆ ನಡೆಸಿ ನೋಡಬಹುದು, ಅದೂ ಯಾರನ್ನೂ ಚಳಿಯಲ್ಲಿ ನಿಲ್ಲಿಸದೆ. ಡಿಪೋದ ಹಳಬರಿಗೆ ಇದೆಲ್ಲ ಬಾಯಿಪಾಠ ಎನ್ನಬಹುದು. ನಿಜ, ಆದರೆ ಅವರು ನಿವೃತ್ತರಾದ ದಿನ ಆ ಪಾಠವೂ ಮನೆಗೆ ಹೋಗುತ್ತದೆ. ಅವರ ಅನುಭವವೇ ಸಿಮ್ಯುಲೇಷನ್ ಮಾದರಿಗೆ ಮೊದಲ ಬಂಡವಾಳವಾಗಬೇಕು. ಅಂಕಿಅಂಶ ಎಲ್ಲಿದೆ ಎಂಬ ಆಕ್ಷೇಪ ಇನ್ನೂ ಗಟ್ಟಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಉಚಿತ ಪಯಣಕ್ಕೂ ಶೂನ್ಯ ದರದ ಟಿಕೆಟ್ ಹರಿಯುವುದರಿಂದ, ಹತ್ತಿದವರ ಲೆಕ್ಕ ಸಿಗುತ್ತದೆ. ಹತ್ತಲಾಗದೆ ಉಳಿದವರ ಲೆಕ್ಕ ಯಾವ ಯಂತ್ರದಲ್ಲೂ ಇಲ್ಲ. ಹಾಗಾಗಿ ಮಾದರಿ ಕಟ್ಟುವ ಮೊದಲು ಯಾರಾದರೂ ನಿಲ್ದಾಣದಲ್ಲಿ ರಾತ್ರಿ ನಿಂತು ತಲೆ ಎಣಿಸಲೇಬೇಕು. ಸಾಫ್ಟ್‌ವೇರ್ ಕೊಳ್ಳುವ ಉತ್ಸಾಹದಲ್ಲಿ ಇಲಾಖೆಗಳು ಸಾಮಾನ್ಯವಾಗಿ ಬಿಟ್ಟುಬಿಡುವುದು ಈ ಅಗ್ಗದ ಕೆಲಸವನ್ನೇ.